ಚಳ್ಳಕೆರೆ ಕಾವಲಿನ ನಡಿಗೆ: ಬೆಳಿಗ್ಗೆ ಬೇಗ ಹೋಗಿ, ನೀರು ಜಾಸ್ತಿ ಒಯ್ಯಿರಿ

ಚಿತ್ರದುರ್ಗಕ್ಕೆ ಬಂದವರು ಕೋಟೆ ನೋಡಿ ವಾಪಸ್ ಹೋಗಿಬಿಡುತ್ತಾರೆ, ಅಲ್ವಾ? ಚಳ್ಳಕೆರೆ ಹತ್ತಿರ ಕಾವಲು ಅಂತ ಕರೆಯುವ ಹುಲ್ಲುಗಾವಲಿನಲ್ಲಿ, ದನ ಸಾಕುವ ಮ್ಯಾಸಬೇಡ ಸಮುದಾಯದವರು ನಡೆಸುವ ಈ ನಡಿಗೆಗೂ ಒಮ್ಮೆ ಹೋಗಿ. ಹೊರಗಿನ ಗೈಡ್ ಯಾರೂ ಇಲ್ಲ. ದೇವರ ಎತ್ತು ಕಾಯುವ ಕಿಲಾರಿಗಳೇ ಮುಂದೆ ನಡೆದು, ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಕೃಷ್ಣಮೃಗ ಎಲ್ಲಿ ದಾಟುತ್ತದೆ, ತೋಳದ ಹೆಜ್ಜೆ ಹೇಗಿರುತ್ತದೆ ಅಂತ ನಿಂತು ನಿಂತು ತೋರಿಸುತ್ತಾರೆ. ದೇವರ ಎತ್ತನ್ನು ಹೊಲಕ್ಕೆ ಹೂಡುವುದಿಲ್ಲ, ಮಾರುವುದೂ ಇಲ್ಲ. ಅದಕ್ಕೆ ಮೇವು ಬೇಕು, ಮೇವಿಗೆ ಕಾವಲು ಉಳಿಯಬೇಕು. ಇಲಾಖೆಯ ಯಾವ ಬೋರ್ಡಿಗಿಂತಲೂ ಇದು ಗಟ್ಟಿ ರಕ್ಷಣೆ ಅನ್ನಿಸಿತು.

ಮನಸ್ಸಿಗೆ ಚುಚ್ಚಿದ್ದು ಕಾವಲಿಗೆ ಅಡ್ಡವಾಗಿ ಎದ್ದ ಗೋಡೆಗಳು. ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟಿದ್ದ ಈ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ 2010ರ ಹೊತ್ತಿಗೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ ಮುಂತಾದ ಸಂಸ್ಥೆಗಳಿಗೆ ಹೋಯಿತು. ಪ್ರಕರಣ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಕಾವಲು ತುಂಡಾದರೆ ಕುರಿಗೂ ದಾರಿ ಇಲ್ಲ, ಕೃಷ್ಣಮೃಗಕ್ಕೂ ಇಲ್ಲ, ಇದನ್ನು ಕಿಲಾರಿಗಳ ಬಾಯಲ್ಲೇ ಕೇಳಬೇಕು.

ನೆರಳಿಲ್ಲ, ಶೌಚಾಲಯ ಇಲ್ಲ, ಫೋನ್ ಎತ್ತುವುದು ನಿಧಾನ. ಮಕ್ಕಳಿದ್ದರೆ ಬೇಸಿಗೆಯಲ್ಲಿ ಬೇಡವೇ ಬೇಡ. ಕೊನೆಗೆ ಹಾಕುವ ರಾಗಿಮುದ್ದೆ, ಹುರುಳಿಸಾರು ಮಾತ್ರ ಸೊಗಸು. ಸುಮ್ನೆ ಚೌಕಾಸಿ ಮಾಡಬೇಡಿ, ದುಡ್ಡು ನೇರವಾಗಿ ಅವರ ಕೈಗೇ ಹೋಗುತ್ತದೆ. ನನ್ನ ಅಂಕ ಐದಕ್ಕೆ ನಾಲ್ಕೂವರೆ.