ಹಳೇ ಜೀಪು ಬಿಸಿಯಾಗುವ ಕಾರಣ ಹುಡುಕಲು ಟೆಂಪರೇಚರ್ ಗನ್: ಮೂರು ವರ್ಷ ಬಳಸಿದ ಮೇಲೆ

ಹಳೇ ಫೋರ್ ವೀಲ್ ಡ್ರೈವ್ ಇಟ್ಟುಕೊಂಡವರು ಇನ್ನೊಂದು ಪಾರ್ಟ್ ಬದಲಿಸುವ ಮೊದಲು ಇದನ್ನು ಓದಿ. ನಾನು ಕೊಂಡದ್ದು ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್. ಗುರಿ ಹಿಡಿದು ಟ್ರಿಗರ್ ಒತ್ತಿದರೆ ಆ ಜಾಗ ಎಷ್ಟು ಬಿಸಿ ಇದೆ ಅಂತ ಮುಟ್ಟದೆಯೇ ತೋರಿಸುತ್ತದೆ. ಹುಬ್ಬಳ್ಳಿಯ ಟೂಲ್ಸ್ ಅಂಗಡಿಯಲ್ಲಿ 1,800 ರೂಪಾಯಿ ಕೊಟ್ಟೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಅಲ್ಲ ಇದು. ಅದು ಮೈಜ್ವರ ನೋಡಲು ಮಾತ್ರ, ಇಂಜಿನ್ನಿನ ಬಿಸಿ ಅದರ ಅಳತೆಗೆ ಸಿಗುವುದಿಲ್ಲ.

ನಮ್ಮ ಮನೆ ಹುಬ್ಬಳ್ಳಿ, ಹೊಲ ನವಲಗುಂದದ ಕಡೆ. ಮಳೆಗಾಲದಲ್ಲಿ ಎರಿ ಮಣ್ಣಿನ ದಾರಿಗೆ ಬೇರೆ ಗಾಡಿ ಇಳಿಸುವ ಹಾಗಿಲ್ಲ, ಹಾಗಾಗಿ 1996ರ ಡೀಸೆಲ್ ಜೀಪನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಬಯಲು ರಸ್ತೆಯಲ್ಲಿ ಏನೂ ತೊಂದರೆ ಇರಲಿಲ್ಲ. ಅಂಕೋಲಾದಿಂದ ವಾಪಸ್ ಬರುವಾಗ ಅರಬೈಲ್ ಘಾಟ್ ಹತ್ತುತ್ತಿದ್ದಂತೆ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹಬೆ ಬಂತು, ಮಕ್ಕಳನ್ನು ಕೆಳಗಿಳಿಸಿ ಮುಕ್ಕಾಲು ತಾಸು ರಸ್ತೆ ಪಕ್ಕ ನಿಂತೆವು. ತುಂಬಾ ಹೆದರಿಕೆಯಾಗಿತ್ತು.

ಆಮೇಲೆ ಶುರುವಾಯಿತು ನೋಡಿ ಖರ್ಚು. ಒಂದು ಗ್ಯಾರೇಜಿನವರು, "ಥರ್ಮೋಸ್ಟಾಟ್ ತೆಗೆದು ಒಗೀರಿ ಸರ್, ನಮ್ಮ ಕಡೆ ಬಿಸಿಲಿಗೆ ಅದು ಬೇಕಾಗಂಗಿಲ್ಲ" ಅಂದರು. ಥರ್ಮೋಸ್ಟಾಟ್ ಅಂದರೆ ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ (ನೀರು ತಣ್ಣಗಾಗುವ ಜಾಲರಿಗೆ) ಬಿಡದ ವಾಲ್ವ್. ತೆಗೆಸಿದೆ. ಬೆಳಿಗ್ಗೆ ಇಂಜಿನ್ ಬೇಗ ಕಾಯದೆ ಹೊಗೆ ಜಾಸ್ತಿಯಾಯಿತು, ಮೈಲೇಜ್ ಇಳಿಯಿತು, ಘಾಟಿನಲ್ಲಿ ಮಾತ್ರ ಮತ್ತೆ ಅದೇ ಕಥೆ. ಇನ್ನೊಬ್ಬರು ವಾಟರ್ ಪಂಪ್ ಬದಲಿಸಿದರು. ಹಳೆಯದನ್ನು ಕೈಯಲ್ಲಿ ಹಿಡಿದು ನೋಡಿದೆ. ಬ್ಲೇಡು ಸವೆದಿರಲಿಲ್ಲ, ಬೇರಿಂಗ್ ಆಡುತ್ತಿರಲಿಲ್ಲ. ಎರಡೂ ಸೇರಿ ಏಳು ಸಾವಿರ ಹೋಯಿತು. ಯಾರೂ ಏನನ್ನೂ ಅಳೆದು ನೋಡಿರಲಿಲ್ಲ, ನನಗೆ ಬೇಜಾರಾಗಿದ್ದು ಅದಕ್ಕೆ.

ಗನ್ ತಂದ ದಿನವೇ ಗಾಡಿಯನ್ನು ಚೆನ್ನಾಗಿ ಓಡಿಸಿ ಬಂದು, ಇಂಜಿನ್ ಚಾಲೂ ಇಟ್ಟು, ಗ್ರಿಲ್ ಮುಂದೆ ನಿಂತು ರೇಡಿಯೇಟರಿನ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಅಳೆಯುತ್ತಾ ಹೋದೆ. ಎಡಗಡೆ 78 ಡಿಗ್ರಿ ಸೆಲ್ಸಿಯಸ್, ನಡುವೆ 80. ಬಲಗಡೆ ಒಂದು ಅಂಗೈ ಅಗಲದ ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೂ 52. ಈ ಜೀಪಿನ ರೇಡಿಯೇಟರಿನಲ್ಲಿ ನೀರು ಮೇಲಿನ ಟ್ಯಾಂಕಿನಿಂದ ಕೆಳಗಿನ ಟ್ಯಾಂಕಿಗೆ ಸಣ್ಣ ಕೊಳವೆಗಳಲ್ಲಿ ಇಳಿಯುತ್ತದೆ. ಒಂದು ಪಟ್ಟಿ ತಣ್ಣಗಿದೆ ಅಂದರೆ ಅಲ್ಲಿ ಬಿಸಿ ನೀರು ಬರುತ್ತಲೇ ಇಲ್ಲ, ಕೊಳವೆ ಕಟ್ಟಿದೆ. ಬಯಲಿನಲ್ಲಿ ಉಳಿದ ಕೊಳವೆಗಳೇ ಸಾಕಾಗುತ್ತವೆ. ಘಾಟಿನಲ್ಲಿ ಇಂಜಿನ್ ಮೇಲೆ ಲೋಡ್ ಬಿದ್ದಾಗ ಸಾಲುವುದಿಲ್ಲ.

ರೇಡಿಯೇಟರ್ ಕೆಲಸದ ಚಾಚಾ ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿ ತೋರಿಸಿದರು. "ನೋಡ್ರಿ, ಎಷ್ಟು ಸುಣ್ಣ ಕುಂತೈತಿ. ನೀರು ಹೆಂಗ ಹರೀಬೇಕ್ರಿ?" ಕಾರಣ ನಮ್ಮದೇ ಹೊಲದ ಬೋರು. ನವಲಗುಂದದ ಕಡೆ ಬೋರಿನ ನೀರು ಸವಳು. ಹಿಂದಿನಿಂದಲೂ ಅದನ್ನೇ ರೇಡಿಯೇಟರಿಗೆ ಸುರಿಯುತ್ತಾ ಬಂದಿದ್ದೆವು. ತಾಮ್ರ ಹಿತ್ತಾಳೆಯ ಹಳೇ ರೇಡಿಯೇಟರ್ ಆದ್ದರಿಂದ ಕೊಳವೆಗಳಿಗೆ ರಾಡ್ ಹಾಕಿ ಸ್ವಚ್ಛ ಮಾಡಲು ಬಂತು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಹೀಗೆ ಮಾಡಲಾಗುವುದಿಲ್ಲ. ಥರ್ಮೋಸ್ಟಾಟ್ ವಾಪಸ್ ಹಾಕಿಸಿದೆ. ಅದರ ಮೇಲೆ ತೆರೆಯುವ ಡಿಗ್ರಿ 82 ಅಂತ ಕೊರೆದಿತ್ತು, ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿದಾಗ ಸರಿಯಾಗಿಯೇ ತೆರೆದುಕೊಂಡಿತು, ಅಂದರೆ ಅದರ ತಪ್ಪು ಏನೂ ಇರಲಿಲ್ಲ. ಈಗ ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಅರ್ಧರ್ಧ.

ಎರಡನೇ ವರ್ಷ ಬೇರೆ ತರಹ. ಘಾಟಿನಲ್ಲಿ ಆರಾಮ, ಆದರೆ ಏಪ್ರಿಲ್ ಬಿಸಿಲಲ್ಲಿ ಚೆನ್ನಮ್ಮ ಸರ್ಕಲ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತರೆ ಮುಳ್ಳು ಏರುತ್ತಿತ್ತು. ಉಣಕಲ್ ದಾಟಿ ಧಾರವಾಡದ ಕಡೆ ಓಡಿದರೆ ಇಳಿಯುತ್ತಿತ್ತು. ಹೀಗಿದ್ದರೆ ಗಾಳಿಯದೇ ಸಮಸ್ಯೆ. ಗಾಡಿ ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ರೇಡಿಯೇಟರಿನಲ್ಲಿ ಈ ಸಲ ತಣ್ಣನೆ ಪಟ್ಟಿ ಇರಲಿಲ್ಲ. ಇಂಜಿನ್ ಆಫ್ ಮಾಡಿದ ತಕ್ಷಣ ಪುಲ್ಲಿಗಳ ಮೇಲೆ ಹಿಡಿದರೆ ಫ್ಯಾನ್ ಪುಲ್ಲಿ ಉಳಿದದ್ದಕ್ಕಿಂತ 30 ಡಿಗ್ರಿ ಜಾಸ್ತಿ. ಬೆಲ್ಟ್ ಸಡಿಲಾಗಿ ಜಾರುತ್ತಿತ್ತು, ಜಾರಿ ಜಾರಿ ಹೊಳಪು ಬಂದಿತ್ತು. ಅದರ ಜೊತೆ ಫ್ಯಾನ್ ಸುತ್ತಲಿನ ತಗಡಿನ ಕವರೂ ಇರಲಿಲ್ಲ, ಹಿಂದೆ ಯಾವಾಗಲೋ ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ದಯವಿಟ್ಟು ನಿಮ್ಮ ಗಾಡಿಯಲ್ಲಿ ಅದು ಇದೆಯಾ ನೋಡಿ. ಕವರ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲೆಗಳಿಂದ ಗಾಳಿ ಎಳೆಯುವುದಿಲ್ಲ, ಅಕ್ಕಪಕ್ಕದ ಗಾಳಿಯನ್ನೇ ತಿರುಗಿಸುತ್ತಾ ಇರುತ್ತದೆ.

ಇನ್ನೊಮ್ಮೆ ಮುಳ್ಳು ಕೆಂಪಿನಲ್ಲಿತ್ತು, ಗನ್ ಥರ್ಮೋಸ್ಟಾಟ್ ಹೌಸಿಂಗ್ (ಅದು ಕೂರುವ ಲೋಹದ ಗೂಡು) ಮೇಲೆ 86 ತೋರಿಸಿತು, ಅಂದರೆ ಇಂಜಿನ್ ಬಿಸಿಯಾಗಿರಲಿಲ್ಲ. ಮೀಟರಿನ ಅರ್ತಿಂಗ್ ವೈರ್ ತುಕ್ಕು ಹಿಡಿದಿತ್ತು, ಅಷ್ಟೇ. ಆ ದಿನ ಗನ್ ಇಲ್ಲದಿದ್ದರೆ ಸುಮ್ನೆ ಇಂಜಿನ್ ಬಿಚ್ಚಿಸುತ್ತಿದ್ದೆ.

ಕೊರತೆಗಳೂ ಇವೆ. ಹೊಳೆಯುವ ಲೋಹದ ಮೇಲೆ ಇದರ ಅಂಕಿ ನಂಬಬೇಡಿ. ಹಿತ್ತಾಳೆ, ಅಲ್ಯೂಮಿನಿಯಂ ಮೇಲೆ ನಿಜಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ನಾನು ಅಳೆಯುವ ಜಾಗಗಳಿಗೆಲ್ಲ ಕಪ್ಪು ಬಣ್ಣ ಬಳಿದಿದ್ದೇನೆ. ನನ್ನದು 12:1 ಗನ್, ಅಂದರೆ 12 ಸೆಂಟಿಮೀಟರ್ ದೂರದಿಂದ 1 ಸೆಂಟಿಮೀಟರ್ ಅಗಲದ ಜಾಗ ಅಳೆಯುತ್ತದೆ. ದೂರ ನಿಂತರೆ ಅಕ್ಕಪಕ್ಕದ್ದೆಲ್ಲ ಸೇರಿ ಸರಾಸರಿ ಬರುತ್ತದೆ, ಕೆಂಪು ಲೇಸರ್ ಚುಕ್ಕೆ ಗುರಿಗೆ ಮಾತ್ರ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿದೆಯಾ ಅಂತ ಇದು ಹೇಳುವುದಿಲ್ಲ. ಅದಕ್ಕೆ ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿವೆಯಾ ನೋಡಬೇಕು. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ, ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ.

9 ವೋಲ್ಟ್ ಬ್ಯಾಟರಿ ವರ್ಷಕ್ಕೊಂದು ಬೇಕು. ಹೊಲದ ಧೂಳು ಲೆನ್ಸಿಗೆ ಕೂತರೆ ಅಂಕಿ ತಪ್ಪುತ್ತದೆ, ಮೆತ್ತನೆ ಬಟ್ಟೆಯಿಂದ ಒರೆಸಿ. ಬ್ಯಾಟರಿ ಮುಚ್ಚಳದ ಕೊಂಡಿ ಎರಡನೇ ವರ್ಷವೇ ಮುರಿಯಿತು, ಅದಕ್ಕೆ ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೇನೆ. ರಬ್ಬರ್ ಬ್ಯಾಂಡ್ ಸುತ್ತಿಕೊಂಡು ನಡೆಸಿದ್ದೇನೆ. ಹೋದ ತಿಂಗಳು ಅರಬೈಲ್ ಹತ್ತಿ ಮೇಲೆ ನಿಲ್ಲಿಸಿ ಅಳೆದೆ, ಹೌಸಿಂಗ್ 91 ಇತ್ತು.