ಹಿಂದಿನ ಬ್ರೇಕ್ ಹಿಡಿದಾಗ ಸೈಕಲ್ ನಡುಗುತ್ತಿದೆಯೇ? ಬ್ರೇಕ್ ಪ್ಯಾಡ್ ಬದಲಿಸಲು ಒಪ್ಪುವ ಮುನ್ನ ಇದನ್ನು ಓದಿ

ಹಿಂದಿನ ಬ್ರೇಕ್ ಹಿಡಿದಾಗ ಸೀಟಿನಿಂದ ಪೆಡಲಿನವರೆಗೆ ನಡುಕ ಬರುವ ಮೌಂಟನ್ ಬೈಕನ್ನು ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಮೊದಲ ಉತ್ತರ ‘ಪ್ಯಾಡ್ ಹೋಗಿದೆ’ ಎಂಬುದು. ದಕ್ಷಿಣ ಬೆಂಗಳೂರಿನ ಒಂದು ಅಂಗಡಿಯಲ್ಲಿ ನನಗೂ ಅದನ್ನೇ ಹೇಳಿದರು. ಪ್ಯಾಡ್ ಬದಲಾಯಿತು, ನಡುಕ ಹೋಗಲಿಲ್ಲ. ಪ್ಯಾಡ್ ಕಚ್ಚಿ ಹಿಡಿಯುವ ಚಕ್ರದ ತಟ್ಟೆ, ಅಂದರೆ ರೋಟರ್ ಬದಲಾಯಿತು, ಆಗಲೂ ಹೋಗಲಿಲ್ಲ. ಕೊನೆಗೆ, ಈ ಬ್ರೇಕಿನ ಗುಣವೇ ಹೀಗೆ, ಓಡಿಸುತ್ತಾ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದರು. ಇಷ್ಟೆಲ್ಲ ಬಿಲ್ ಮಾಡಿದವರಲ್ಲಿ ಒಬ್ಬರೂ ಹಿಂದಿನ ಚಕ್ರವನ್ನು ಎತ್ತಿ ಅಲುಗಾಡಿಸಿ ನೋಡಲಿಲ್ಲ ಎಂಬುದು ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ.

ಅದಾದ ಮೇಲೆ ನಂದಿ ಬೆಟ್ಟ ಇಳಿಯುವಾಗ, ಒಂದು ತಿರುವಿಗೆ ಮುಂಚೆ ಬ್ರೇಕ್ ಹಿಡಿದ ಕೂಡಲೇ ಹಿಂಭಾಗ ಅಡ್ಡಡ್ಡಲಾಗಿ ಓಲಾಡಿ ಟೈರು ಫ್ರೇಮಿಗೆ ಉಜ್ಜಿತು. ಮುಂದಿನ ಬ್ರೇಕಿನಿಂದ ವೇಗ ತಗ್ಗಿಸಿ ರಸ್ತೆಯಂಚಿಗೆ ಬರಲು ಜಾಗವಿದ್ದುದರಿಂದ ಬೀಳಲಿಲ್ಲ. ಬೇರೊಬ್ಬ ಮೆಕ್ಯಾನಿಕ್ ಬಿಚ್ಚಿದಾಗ, ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳನ್ನು, ಅಂದರೆ ಸ್ವಿಂಗ್ ಆರ್ಮನ್ನು, ಫ್ರೇಮಿಗೆ ಜೋಡಿಸುವ ಮುಖ್ಯ ಕೀಲಿನ (ಪಿವಟ್) ಬೋಲ್ಟ್ ಸಡಿಲವಾಗಿತ್ತು. ಬೇರಿಂಗ್ ತುಕ್ಕು ಹಿಡಿದು ಸವೆದಿತ್ತು. ಬೇರಿಂಗ್ ಕೂರುವ ಗೂಡು ಕೂಡ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಮೊದಲೇ ನೋಡಿದ್ದರೆ ಬೇರಿಂಗ್ ಹಾಕಿಸಿ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಸ್ವಿಂಗ್ ಆರ್ಮನ್ನೇ ತರಿಸಬೇಕಾಯಿತು.

ನಡುಕ ಹುಟ್ಟುವ ಬಗೆ ಹೀಗೆ: ಪ್ಯಾಡ್ ರೋಟರನ್ನು ಕಚ್ಚಿದಾಗ ರೋಟರ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ತನ್ನೊಂದಿಗೆ ಎಳೆಯುತ್ತದೆ, ಫ್ರೇಮಿನ ಹಿಂಭಾಗ ಸ್ವಲ್ಪ ಬಾಗುತ್ತದೆ, ಹಿಡಿತ ಜಾರಿದ ಕ್ಷಣ ಮರಳಿ ಚಿಮ್ಮುತ್ತದೆ, ಮತ್ತೆ ಕಚ್ಚುತ್ತದೆ. ಕೀಲುಗಳು ಬಿಗಿಯಾಗಿದ್ದರೆ ಇದು ಸಾಮಾನ್ಯವಾಗಿ ಸವಾರನಿಗೆ ತಿಳಿಯುವುದೇ ಇಲ್ಲ. ಎಲ್ಲೋ ಒಂದು ಕಡೆ ಪ್ಲೇ, ಅಂದರೆ ಸಡಿಲದಿಂದಾಗುವ ಅಲುಗಾಟ, ಇದ್ದರೆ ಅದೇ ಚಲನೆ ದೊಡ್ಡದಾಗಿ ಸೀಟಿಗೆ ಮುಟ್ಟುತ್ತದೆ. ಹೊಸ ಪ್ಯಾಡ್ ಇನ್ನಷ್ಟು ಬಲವಾಗಿ ಕಚ್ಚುವುದರಿಂದ, ಪ್ಲೇ ಹಾಗೆಯೇ ಇದ್ದರೆ ನಡುಕ ಹೆಚ್ಚಲೂಬಹುದು. ನನ್ನ ಸೈಕಲಿನಲ್ಲಿ ಹೆಚ್ಚಿತು.

ಆದ್ದರಿಂದ ಹಣ ಕೊಡುವ ಮೊದಲು ಪ್ಲೇ ಎಲ್ಲಿದೆ ಎಂದು ನೀವೇ ನೋಡಿ. ಒಂದು ಕೈಯಲ್ಲಿ ಫ್ರೇಮನ್ನು, ಇನ್ನೊಂದರಲ್ಲಿ ಹಿಂದಿನ ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲುಗಾಡಿಸಿದಾಗ ಚಕ್ರ ಮಾತ್ರ ಅಲುಗಿದರೆ ದೋಷ ಚಕ್ರದ ನಡುವಿನ ಹಬ್ ಬೇರಿಂಗಿನಲ್ಲೋ ಸಡಿಲ ಅಚ್ಚಿನಲ್ಲೋ (ಆಕ್ಸಲ್) ಇದೆ. ಚಕ್ರದ ಜೊತೆಗೆ ಸ್ವಿಂಗ್ ಆರ್ಮ್ ಕೂಡ ಅಲುಗಿದರೆ ಪಿವಟ್ ಕಡೆ ನೋಡಬೇಕು. ನಂತರ ಹಿಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವಾಗ ಒಬ್ಬ ಗೆಳೆಯರು ಪ್ರತಿ ಕೀಲಿನ ಸಂದಿನ ಮೇಲೆ ಬೆರಳಿಟ್ಟರೆ, ಕಣ್ಣಿಗೆ ಕಾಣದ ಅಲುಗಾಟವೂ ಬೆರಳಿಗೆ ತಿಳಿಯುತ್ತದೆ. ಕ್ಯಾಲಿಪರ್ ಬೋಲ್ಟುಗಳು, ರೋಟರ್ ಬೋಲ್ಟುಗಳು, ಚಕ್ರದ ಕಡ್ಡಿಗಳ ಬಿಗಿ ಇವನ್ನು ನೋಡಲು ಹೆಚ್ಚು ಹೊತ್ತು ಬೇಡ.

ಪ್ಯಾಡಿನದೇ ತಪ್ಪು ಎನ್ನುವ ಸಂದರ್ಭಗಳೂ ಇವೆ. ನಡುಕದ ಜೊತೆಗೆ ಕಿವಿ ಕೊರೆಯುವ ಕಿರುಚಾಟವಿದ್ದು ಬ್ರೇಕಿನ ಹಿಡಿತವೂ ಕುಗ್ಗಿದ್ದರೆ ಎಣ್ಣೆ ತಗುಲಿರುವ ಸಾಧ್ಯತೆ ಹೆಚ್ಚು. ಚೈನಿಗೆ ಸ್ಪ್ರೇ ಹೊಡೆಯುವಾಗ ರೋಟರಿಗೆ ಏನನ್ನೂ ಮುಚ್ಚದಿದ್ದರೆ ಹೀಗಾಗುತ್ತದೆ. ಚಕ್ರದ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ತಡೆದಂತಾದರೆ ರೋಟರ್ ಬಾಗಿದೆ ಅಥವಾ ಒಂದೇ ಸಮನಾಗಿ ಸವೆದಿಲ್ಲ. ಈ ಎರಡೂ ಇಲ್ಲದೆ ಬ್ರೇಕ್ ಜೋರಾಗಿ ಹಿಡಿದಾಗ ಮಾತ್ರ ದಪ್ಪ ನಡುಕ ಬರುತ್ತಿದ್ದರೆ ಪ್ಯಾಡ್ ಖರೀದಿ ಕಾಯಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬೆಂಗಳೂರಿನ ತುರಹಳ್ಳಿ ಕಾಡಿನ ಕೆಸರಿನಲ್ಲಿ ಓಡಿಸಿ ಬಂದವರು ಸೈಕಲನ್ನು ವಾಟರ್ ಸರ್ವಿಸ್ ಅಂಗಡಿಯಲ್ಲಿ ತೊಳೆಸುವುದುಂಟು. ಮೋಟಾರ್ ಬೈಕಿಗೆ ಹಿಡಿಯುವ ಆ ನೀರಿನ ಒತ್ತಡ ಪಿವಟ್ ಬೇರಿಂಗಿನ ಸೀಲು ದಾಟಿ ಗ್ರೀಸನ್ನು ತೊಳೆದುಬಿಡುತ್ತದೆ. ಪೈಪಿನ ಸಾದಾ ನೀರು, ಬ್ರಷ್ಷು ಸಾಕು.

ಅಂಗಡಿಗೆ ಹೋಗಲೇಬೇಕಾದರೆ ಪ್ಲೇ ಪರೀಕ್ಷೆಯನ್ನು ನಿಮ್ಮೆದುರೇ ಮಾಡಿಸಿ, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ರೋಟರ್ ಸವೆದಿದೆ ಎಂದರೆ ಅದರ ದಪ್ಪ ಅಳೆಯಲು ಹೇಳಿ: ಶಿಮಾನೋ ಕಂಪನಿಯ ರೋಟರ್ ಹೊಸದಿದ್ದಾಗ 1.8 ಮಿ.ಮೀ. ಇರುತ್ತದೆ, ಬದಲಿಸಬೇಕಾದ ಮಿತಿ 1.5 ಮಿ.ಮೀ. ಅಳತೆ ತೋರಿಸಲು ಹಿಂಜರಿಯುವ ಅಂಗಡಿಯಲ್ಲಿ ಸೈಕಲ್ ಬಿಟ್ಟು ಬರಬೇಡಿ.