ಒಂದು ಆಟದ ಹಿಂದಿನ ಕಾಗದಪತ್ರಗಳು: ‘ದಿ ಮೇಕಿಂಗ್ ಆಫ್ ಕರಾಟೇಕಾ’

ಜಾರ್ಡನ್ ಮೆಕ್ನರ್ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಆಪಲ್ 2 ಕಂಪ್ಯೂಟರಿಗಾಗಿ ಬರೆದ ಕರಾಟೆ ಕಾದಾಟದ ಆಟ ‘ಕರಾಟೇಕಾ’ 1984ರಲ್ಲಿ ಬ್ರೋಡರ್‌ಬಂಡ್ ಸಂಸ್ಥೆಯಿಂದ ಪ್ರಕಟವಾಯಿತು. ಆ ಆಟ ರೂಪುಗೊಂಡ ಬಗೆಯನ್ನು ಪತ್ರಗಳು, ಕರಡು ಚಿತ್ರಗಳು, ಸಂದರ್ಶನಗಳು ಮತ್ತು ಆಡಬಹುದಾದ ಅಪೂರ್ಣ ಆವೃತ್ತಿಗಳ ಮೂಲಕ ಕಾಲಾನುಕ್ರಮದಲ್ಲಿ ತೋರಿಸುವ ಸಂಕಲನವನ್ನು ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ 2023ರಲ್ಲಿ ಹೊರತಂದಿದೆ. ಎರಡು ವಾರ ಅದರೊಳಗೆ ಓಡಾಡಿದ ಮೇಲೆ, ಹಳೆಯ ಆಟಗಳನ್ನು ಮರಳಿ ಮಾರುವವರೆಲ್ಲ ಅನುಸರಿಸಬೇಕಾದ ಕ್ರಮ ಇದೇ ಎಂದು ನನಗೆ ಮನವರಿಕೆಯಾಗಿದೆ.

ಕಥೆ ಶುರುವಾಗುವುದು ಒಂದು ತಿರಸ್ಕಾರದಿಂದ. ಮೆಕ್ನರ್ ಮೊದಲು ಬ್ರೋಡರ್‌ಬಂಡ್‌ಗೆ ಕಳಿಸಿದ್ದು ‘ಡೆತ್‌ಬೌನ್ಸ್’ ಎಂಬ, ಪುಟಿಯುವ ಚೆಂಡುಗಳನ್ನು ಹೊಡೆದುರುಳಿಸುವ ಆಟವನ್ನು. ಪ್ರಕಾಶಕರು ಅದನ್ನು ಒಪ್ಪಲಿಲ್ಲ. ಆ ಆಟದ ಬೇರೆ ಬೇರೆ ಹಂತಗಳನ್ನು ಇಲ್ಲಿ ಆಡಿ ನೋಡಿದಾಗ, ಅವರು ಬೇಡವೆಂದದ್ದೇಕೆ, ಹುಡುಗ ಅದರಿಂದ ಕಲಿತದ್ದೇನು ಎಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ.

ನಾನು ಹೆಚ್ಚು ಹೊತ್ತು ಕಳೆದದ್ದು ಚಲನೆಯ ಭಾಗದಲ್ಲಿ. ಮೆಕ್ನರ್ ತಮ್ಮ ಕರಾಟೆ ಶಿಕ್ಷಕರನ್ನೂ ತಂದೆಯನ್ನೂ ಸೂಪರ್ 8 ಕ್ಯಾಮೆರಾದಲ್ಲಿ ಚಿತ್ರಿಸಿ, ಒಂದೊಂದು ಚೌಕಟ್ಟನ್ನೂ ಕಾಗದದ ಮೇಲೆ ಗೆರೆಯೆಳೆದು ಕಂಪ್ಯೂಟರಿಗೆ ಏರಿಸಿದ್ದರು. ಸಂಕಲನದಲ್ಲಿ ಅದೇ ಒದೆತವನ್ನು ಫಿಲ್ಮಿನಲ್ಲಿ, ಪೆನ್ಸಿಲ್ ಗೆರೆಯಲ್ಲಿ, ಕೊನೆಗೆ ಆಟದ ಒರಟು ಚುಕ್ಕೆಗಳಲ್ಲಿ ಬದಲಿಸಿ ಬದಲಿಸಿ ನೋಡಬಹುದು. ಮುಖದ ವಿವರ, ಬಟ್ಟೆಯ ಮಡಿಕೆ ಎಲ್ಲ ಕಳಚಿಹೋದ ಮೇಲೂ ದೇಹದ ಭಾರ ಮಾತ್ರ ಉಳಿದಿರುವುದನ್ನು ಕಂಡು ಬೆರಗಾದೆ. ಸಂಗೀತ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ಆಪಲ್ 2ರಲ್ಲಿ ಧ್ವನಿಗೆಂದು ಪ್ರತ್ಯೇಕ ಚಿಪ್ ಇರಲಿಲ್ಲವಾದ್ದರಿಂದ ಸ್ಪೀಕರನ್ನು ಮಿಡಿಸುವ ಕೆಲಸವೂ ಮುಖ್ಯ ಪ್ರೊಸೆಸರಿನದೇ ಆಗಿತ್ತು. ಆ ಪುಟ್ಟ ರಾಗಗಳು ಏಕೆ ಅಷ್ಟು ಮಿತವಾಗಿವೆ ಎಂಬುದು ಇದನ್ನು ತಿಳಿದರೆ ಅರ್ಥವಾಗುತ್ತದೆ.

ಆಟ ಇಂದಿಗೂ ಬಿಗಿಯಾಗಿದೆ. ನನ್ನ ಅಕ್ಕನ ಮಗ ಸಂಜೆಯೆಲ್ಲ ಕಾದಾಡಿ, ಕೊನೆಗೆ ತಾನು ಬಿಡಿಸಬೇಕಾದ ರಾಜಕುಮಾರಿ ಮಾರಿಕೋ ಇದ್ದ ಕೋಣೆಯನ್ನು ಹೊಕ್ಕು, ಹೋರಾಟದ ಭಂಗಿ ಬಿಡದೆ ಹತ್ತಿರ ಹೋದ. ಅವಳು ಒಂದೇ ಒದೆತಕ್ಕೆ ಅವನನ್ನು ಕೆಡವಿದಳು. “ಮಾಮ, ಇದು ಮೋಸ” ಎಂದವನು ಮರುಕ್ಷಣವೇ ಮೊದಲಿನಿಂದ ಶುರುಮಾಡಿದ.

ಇಷ್ಟೆಲ್ಲ ಸಾಮಗ್ರಿ ಉಳಿದದ್ದು ಒಂದು ಕುಟುಂಬ ಕಾಗದಗಳನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ. ತೊಂಬತ್ತರ ದಶಕದಲ್ಲಿ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಸರದಿ ಕಾದು ಆಡುತ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ’ವೂ ಮೆಕ್ನರ್ ಅವರದೇ, ಅದರ ಆಪಲ್ 2 ಮೂಲ ಸಂಕೇತ (ಸೋರ್ಸ್ ಕೋಡ್) ಕಳೆದೇಹೋಯಿತೆಂದುಕೊಂಡಿದ್ದಾಗ, 2012ರಲ್ಲಿ ತಂದೆಯ ಮನೆಯ ಕಪಾಟಿನ ಹಿಂಬದಿಯಲ್ಲಿ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿತು. ಎಲ್ಲ ಆಟಗಳಿಗೂ ಇಂಥ ಕಪಾಟಿನ ಭಾಗ್ಯವಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಆಗ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ.

ಈ ಕಾರಣಕ್ಕೇ ಸಂಕಲನದ ಒಂದು ಕೊರತೆ ನನ್ನನ್ನು ಕಾಡುತ್ತದೆ. ಆಪಲ್ 2, ಕಮೋಡೋರ್ 64 ಮತ್ತು ಅಟಾರಿ 8-ಬಿಟ್ ಕಂಪ್ಯೂಟರುಗಳ ಆವೃತ್ತಿಗಳು ಇಲ್ಲಿ ಆಡಲು ಸಿಗುತ್ತವೆ. ಟಿವಿಗೆ ಜೋಡಿಸಿ ಆಡುವ ಯಂತ್ರಗಳಾದ ಜಪಾನಿನ ಫ್ಯಾಮಿಕಾಮ್‌ಗೆ ಬಂದದ್ದು, ತಡವರಿಸುವ ನಿಯಂತ್ರಣದಿಂದ ಕೆಟ್ಟ ಹೆಸರು ಪಡೆದ ಅಟಾರಿ 7800ರದ್ದು ಇಲ್ಲ. ಒಂದೇ ಆಟ ಬೇರೆ ಯಂತ್ರಕ್ಕೆ ಹೋದಾಗ ಎಲ್ಲಿ ಮುಕ್ಕಾಗುತ್ತದೆ ಎಂದು ಕಲಿಯಲು ಒಳ್ಳೆಯ ಪೋರ್ಟ್‌ಗಿಂತ (ಬೇರೆ ಯಂತ್ರಕ್ಕೆ ಹೊಂದಿಸಿದ ಆವೃತ್ತಿ) ಕೆಟ್ಟ ಪೋರ್ಟೇ ಹೆಚ್ಚು ಉಪಯುಕ್ತ. ಒದೆತವನ್ನು ಮೂರು ರೂಪಗಳಲ್ಲಿ ಅಷ್ಟು ಅಕ್ಕರೆಯಿಂದ ತೋರಿಸಿದವರು, ಅದೇ ಒದೆತ 7800ರಲ್ಲಿ ಎಷ್ಟು ತಡವಾಗಿ ಏಳುತ್ತದೆ ಎಂಬುದನ್ನೂ ಪಕ್ಕದಲ್ಲೇ ಇಡಬೇಕಿತ್ತು.